ವಾನರರಾಜ ಎಲ್ಲರ ಸೊತ್ತು. ನಕಲಿ ಗೇಮ್‌ಗಳು ಕದಿಯುವುದು ಬೇರೇನನ್ನೋ

2024ರ ಡಿಸೆಂಬರ್‌ನಲ್ಲಿ ನಿಂಟೆಂಡೊ ಕಂಪನಿಯ ಆನ್‌ಲೈನ್ ಅಂಗಡಿಯಲ್ಲಿ ‘ವುಕಾಂಗ್ ಸನ್: ಬ್ಲ್ಯಾಕ್ ಲೆಜೆಂಡ್’ ಎಂಬ ಗೇಮ್ ಕಾಣಿಸಿಕೊಂಡಿತು. ಮುಖಚಿತ್ರದಲ್ಲಿ ಕವಚ ತೊಟ್ಟು ಕೋಲು ಹಿಡಿದ ವಾನರಯೋಧನಿದ್ದ. ಅದಕ್ಕೆ ನಾಲ್ಕೇ ತಿಂಗಳ ಹಿಂದೆ, ಆಗಸ್ಟ್ 20ರಂದು, ಚೀನಾದ ಜನಪದ ಕಥೆಯ ವಾನರರಾಜ ಸುನ್ ವುಕಾಂಗ್‌ನನ್ನು ಆಧರಿಸಿದ ‘ಬ್ಲ್ಯಾಕ್ ಮಿತ್: ವುಕಾಂಗ್’ ಬಿಡುಗಡೆಯಾಗಿತ್ತು. ಮೂರೇ ದಿನದಲ್ಲಿ ಅದರ ಒಂದು ಕೋಟಿ ಪ್ರತಿ ಮಾರಾಟವಾಗಿವೆ ಎಂದು ಅದನ್ನು ಮಾಡಿದ ಚೀನಾದ ಗೇಮ್ ಸೈನ್ಸ್ ಸ್ಟುಡಿಯೊ ಪ್ರಕಟಿಸಿತ್ತು. ಅದನ್ನು ಆಡಿದವರಿಗೆ ಮಾತ್ರವಲ್ಲ, ಬರೀ ಟ್ರೇಲರ್ ನೋಡಿದವರಿಗೂ ಈ ಹೊಸ ಮುಖಚಿತ್ರ ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಿರಲಿಲ್ಲ. ಹೆಸರಿನ ಪದಗಳನ್ನು ಹಿಂದೆಮುಂದೆ ಮಾಡಿ, ‘ಮಿತ್’ ಇದ್ದಲ್ಲಿ ‘ಲೆಜೆಂಡ್’ ಇಟ್ಟಿದ್ದರು. ಚಿತ್ರದ ಹಿಂದೆ ಇದ್ದದ್ದು ಪರದೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡುತ್ತ ಹೊಡೆದಾಡುವ ಸಾಧಾರಣ ಆಟ.

ಇಂಥ ಗೇಮ್ ಕಣ್ಣಿಗೆ ಬಿದ್ದಾಗಲೆಲ್ಲ ಆನ್‌ಲೈನ್‌ನಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಸಿಟ್ಟು ಏಳುತ್ತದೆ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಹಂಚುತ್ತಾರೆ, ಅಂಗಡಿಯವರನ್ನು ಬಯ್ಯುತ್ತಾರೆ, ನಮ್ಮ ಕಥೆಯನ್ನು ಕದ್ದರು ಎನ್ನುತ್ತಾರೆ. ಈ ಸಿಟ್ಟು ನ್ಯಾಯವಾದದ್ದೆಂದೇ ನಾನು ನಂಬಿದ್ದೇನೆ. ಆದರೆ ಅದು ಹೊರಿಸುವ ಆರೋಪ ಎಷ್ಟೋ ಸಲ ತಪ್ಪಾಗಿರುತ್ತದೆ. ಆರೋಪ ತಪ್ಪಾದಾಗ ನಿಜವಾಗಿ ಮೋಸ ಮಾಡಿದವನು ಸುಲಭವಾಗಿ ನುಣುಚಿಕೊಳ್ಳುತ್ತಾನೆ. ಅದೇ ಜನಪದ ಕಥೆಯನ್ನು ಪ್ರಾಮಾಣಿಕವಾಗಿ ಕೈಗೆತ್ತಿಕೊಂಡ ಬೇರೆ ಯಾರೋ ಪೆಟ್ಟು ತಿನ್ನುತ್ತಾರೆ. ಹಾಗಾಗಿ ಕದ್ದದ್ದು ಏನು, ಯಾರಿಂದ, ಅದನ್ನು ಯಾರು ತಡೆಯಬಹುದಿತ್ತು ಎಂಬುದನ್ನು ಬಿಡಿಬಿಡಿಯಾಗಿ ನೋಡಬೇಕು.

ಕಥೆ ಯಾರದು?

ಸುನ್ ವುಕಾಂಗ್‌ನ ಕಥೆಯ ಬೇರು ಭಾರತಕ್ಕೆ ಬಂದು ಬೌದ್ಧ ಗ್ರಂಥಗಳನ್ನು ಹೊತ್ತೊಯ್ದ, ನಾವು ಶಾಲೆಯ ಪಾಠದಲ್ಲಿ ಓದಿದ ಹ್ಯೂಯೆನ್ ತ್ಸಾಂಗ್‌ನ ಯಾತ್ರೆಯಲ್ಲಿದೆ. ಏಳನೇ ಶತಮಾನದ ಆ ಯಾತ್ರೆಯ ಸುತ್ತ ಕಥೆಗಾರರು, ನಾಟಕದವರು, ಹಾಡುಗಾರರು ನೂರಾರು ವರ್ಷ ಕಥೆ ಹೆಣೆದರು. ಭಿಕ್ಷುವಿನ ಜೊತೆಗೆ ಕಾವಲಿಗೆಂದು ಬಂದ ಕೋತಿ ಕ್ರಮೇಣ ಕಥೆಯ ನಾಯಕನೇ ಆಗಿಬಿಟ್ಟಿತು. ಹದಿನಾರನೇ ಶತಮಾನದಲ್ಲಿ ಇದೆಲ್ಲ ಒಂದು ಬೃಹತ್ ಕಾದಂಬರಿಯಾಗಿ ನಿಂತಿತು. ಅದರ ಪೂರ್ಣಪಾಠದ, ಈಗ ಉಳಿದಿರುವ ಅತ್ಯಂತ ಹಳೆಯ ಮುದ್ರಣ 1592ರದು. ಅದರಲ್ಲಿ ಕರ್ತೃವಿನ ಹೆಸರಿಲ್ಲ. ವು ಚೆಂಗ್‌ಎನ್ ಬರೆದದ್ದೆಂದು ಹೇಳತೊಡಗಿದ್ದು ನಂತರ. ಪೂರ್ವ ಸಮುದ್ರದ ನಾಗರಾಜನ ಅರಮನೆಯಿಂದ ತಂದ, 13,500 ಜಿನ್ ತೂಕದ, ಬೇಕೆಂದರೆ ಸೂಜಿಯಷ್ಟಾಗುವ ಕೋಲು, ತಲೆಗೆ ಬಿಗಿಯುವ ಚಿನ್ನದ ಬಳೆ, 72 ಬಗೆಯ ರೂಪಾಂತರ, ಒಂದೇ ಲಾಗಕ್ಕೆ 1,08,000 ಲೀ ದೂರ ಹಾರಿಸುವ ಮೋಡ, ಎಲ್ಲವೂ ಆ ಕಥೆಯಲ್ಲೇ ಇವೆ. ಇವುಗಳ ಮೇಲೆ ಇಂದು ಯಾರಿಗೂ ಹಕ್ಕಿಲ್ಲ.

ಹಕ್ಕಿಲ್ಲದ್ದರಿಂದಲೇ ಆ ಕಥೆ ಬಾಡದೆ ಉಳಿದಿದೆ. 1984ರಲ್ಲಿ ಶುರುವಾದ ಜಪಾನಿನ ‘ಡ್ರ್ಯಾಗನ್ ಬಾಲ್’ ಚಿತ್ರಕಥೆಯ ಬಾಲ ನಾಯಕನಿಗೆ ಇದೇ ಹೆಸರಿನ ಜಪಾನಿ ಉಚ್ಚಾರಣೆ, ಇದೇ ಕೋಲು, ಬಾಲ, ಮೋಡ. 2010ರಲ್ಲಿ ಬ್ರಿಟನ್ನಿನ ಒಂದು ಸ್ಟುಡಿಯೊ ಈ ಯಾತ್ರೆಯನ್ನು ಪಾಳುಬಿದ್ದ ಭವಿಷ್ಯದ ಅಮೆರಿಕಕ್ಕೆ ಒಯ್ದು ಗೇಮ್ ಮಾಡಿತು. ಹತ್ತಾರು ವೀರರು ಕಾದಾಡುವ ಗೇಮ್‌ಗಳಲ್ಲಿ ವುಕಾಂಗ್ ಒಬ್ಬನಾಗಿ ಬಂದುಹೋಗುತ್ತಲೇ ಇದ್ದಾನೆ. ಇವರ‍್ಯಾರೂ ಯಾರ ಅಪ್ಪಣೆಯನ್ನೂ ಕೇಳಬೇಕಿರಲಿಲ್ಲ. ಗೇಮ್ ಸೈನ್ಸ್ ಕೂಡ ಕೇಳಬೇಕಿರಲಿಲ್ಲ. ಪಂಪ ಹೇಳಿದ ಭಾರತವನ್ನು ಐದು ಶತಮಾನ ಕಳೆದು ಕುಮಾರವ್ಯಾಸ ಮತ್ತೆ ಹೇಳಿದ್ದಕ್ಕೆ ಅವನನ್ನು ಯಾರೂ ಕಳ್ಳ ಎನ್ನಲಿಲ್ಲ. ಮತ್ತೆ ಹೇಳುವುದೇ ಇಂಥ ಕಥೆಗಳ ಬಾಳುವೆ. ‘ವುಕಾಂಗ್‌ನನ್ನು ಕದ್ದರು’ ಎಂಬ ಆರೋಪ ಇಲ್ಲಿಗೇ ಬಿದ್ದುಹೋಗುತ್ತದೆ.

ಬೀಳದೆ ನಿಲ್ಲುವ ಆರೋಪ ಇನ್ನೊಂದಿದೆ. ಗೇಮ್ ಸೈನ್ಸ್ 2020ರ ಆಗಸ್ಟ್ 20ರಂದು ಸುಮಾರು 13 ನಿಮಿಷದ ಆಟದ ದೃಶ್ಯ ಹೊರಬಿಟ್ಟಾಗ ಜನ ಬೆರಗಾದದ್ದು ಕಥೆಯನ್ನು ಕಂಡಲ್ಲ, ಕಥೆ ಅವರಿಗೆ ಗೊತ್ತಿತ್ತು. ಬೆರಗಾದದ್ದು ಈ ವಾನರನ ತುಪ್ಪಳದ ಒಂದೊಂದು ಕೂದಲಿಗೆ, ಕವಚದ ಕೆತ್ತನೆಗೆ, ಅವನು ನಿಲ್ಲುವ ಭಂಗಿಗೆ, ಮಂಜು ಕವಿದ ಕಾಡಿನ ಬೆಳಕಿಗೆ. ಅಲ್ಲಿಂದ ಗೇಮ್ ಕೈಗೆ ಬರಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ತಂಡ ಚೀನಾದ ಹಳೆಯ ಗುಡಿಗಳನ್ನೂ ಗುಹೆಗಳನ್ನೂ ಸುತ್ತಿ ಮೂರ್ತಿಗಳನ್ನು, ತೊಲೆಗಳನ್ನು, ಗೋಡೆಗಳನ್ನು ಸ್ಕ್ಯಾನ್ ಮಾಡಿತು. ಶಾಂಕ್ಸಿ ಪ್ರಾಂತ್ಯವೊಂದರ ಸ್ಥಳಗಳೇ ಇಪ್ಪತ್ತಕ್ಕಿಂತ ಹೆಚ್ಚು ಅದರಲ್ಲಿವೆ; 1056ರಲ್ಲಿ ಕಟ್ಟಿದ ಯಿಂಗ್‌ಶಿಯನ್ ಮರದ ಗೋಪುರ, ಯುಂಗಾಂಗ್ ಗುಹೆಗಳು ಅವುಗಳಲ್ಲಿ ಸೇರಿವೆ. ಗೇಮ್ ಬಂದ ಮೇಲೆ ಆ ಗುಡಿಗಳನ್ನು ನೋಡಲು ಜನ ಮುಗಿಬಿದ್ದರು. ಹೀಗೆ ಕಂಡ ರೂಪ, ಬೆಳಕು, ಅಕ್ಷರವಿನ್ಯಾಸ, ಮುಖಭಾವಗಳೆಲ್ಲ ಒಂದು ತಂಡದ ದುಡಿಮೆಯ ಫಲ. ನಕಲು ಮಾಡುವವನಿಗೆ ಬೇಕಾಗಿರುವುದು ಇದರಲ್ಲೂ ಮೇಲಿನ ಒಂದು ಪದರ ಮಾತ್ರ: ಅಂಗಡಿಯ ಪರದೆಯಲ್ಲಿ ಬೆರಳಗಲದಷ್ಟು ಕಾಣುವ ಚಿತ್ರ ಮತ್ತು ಹೆಸರು. ಒಳಗಿನ ಆಟವನ್ನು ನಕಲು ಮಾಡುವ ಶಕ್ತಿಯೂ ಅವನಿಗಿಲ್ಲ, ಅಗತ್ಯವೂ ಇಲ್ಲ. ಕೊಳ್ಳುವವನು ಹಣ ಕೊಟ್ಟು ಮುಗಿಸುವವರೆಗೆ ಹೋಲಿಕೆ ಉಳಿದರೆ ಸಾಕು.

ಇಲ್ಲಿ ಕದ್ದದ್ದು ಒಂದು ಸ್ಟುಡಿಯೊ ಸಂಪಾದಿಸಿದ್ದ ನಂಬಿಕೆಯನ್ನು. ಅದನ್ನು ಖರ್ಚು ಮಾಡಿ ಕೊಳ್ಳುವವನ ಹಣವನ್ನು ಕಸಿಯುತ್ತಾರೆ. ಮಕ್ಕಳಿಗಾಗಿ ಕೊಳ್ಳುವ ಅಪ್ಪ-ಅಮ್ಮಂದಿರು, ಗೇಮ್‌ಗಳ ಸುದ್ದಿಯನ್ನು ದೂರದಿಂದಷ್ಟೇ ಕೇಳಿದವರು, ಇವರೇ ಹೆಚ್ಚಾಗಿ ಬಲೆಗೆ ಬೀಳುವವರು. ಸಿಟ್ಟಿನಿಂದ ಬರೆಯುವ ಗೇಮರ್‌ಗಳಿಗೆ ಅಸಲಿ-ನಕಲಿ ಒಂದೇ ನೋಟಕ್ಕೆ ತಿಳಿಯುತ್ತದೆ. ಮೋಸ ಹೋಗುವವರು ಅವರಲ್ಲ. ಮೋಸ ಹೋದವರ ದನಿ ಆ ಗದ್ದಲದಲ್ಲಿ ಕೇಳಿಸುವುದೇ ಇಲ್ಲವೆಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ.

ಕಾನೂನು ಎಲ್ಲಿ ನಿಲ್ಲುತ್ತದೆ

ಕಾಪಿರೈಟ್‌ನ ಮೂಲ ನಿಯಮ ಸರಳವಾಗಿದೆ. ವಿಶ್ವ ವ್ಯಾಪಾರ ಸಂಸ್ಥೆಯನ್ನು ಹುಟ್ಟಿಸಿದ 1994ರ ಒಪ್ಪಂದದ ಜೊತೆಗೇ ಬಂದ, ಬೌದ್ಧಿಕ ಆಸ್ತಿಯ ಹಕ್ಕುಗಳ ಟ್ರಿಪ್ಸ್ ಒಪ್ಪಂದದ 9ನೇ ವಿಧಿ ಅದನ್ನು ನೇರವಾಗಿ ಹೇಳುತ್ತದೆ: ರಕ್ಷಣೆ ಇರುವುದು ಅಭಿವ್ಯಕ್ತಿಗೆ; ಆಲೋಚನೆಗೆ, ಕಾರ್ಯವಿಧಾನಕ್ಕೆ, ಗಣಿತದ ಪರಿಕಲ್ಪನೆಗೆ ಅಲ್ಲ. ಕೋಲು ಹಿಡಿದು ರಾಕ್ಷಸರನ್ನು ಹೊಡೆಯುವ ವಾನರ ಎಂಬುದು ಆಲೋಚನೆ. ಆ ವಾನರನನ್ನು ಒಬ್ಬ ಕಲಾವಿದ ಬರೆದ ರೀತಿ ಅಭಿವ್ಯಕ್ತಿ. ಗೇಮ್‌ಗಳಲ್ಲಿ ಇವೆರಡರ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಕೋರ್ಟುಗಳು ನಾಲ್ಕು ದಶಕಗಳಿಂದ ಗುದ್ದಾಡುತ್ತಿವೆ.

1994ರಲ್ಲಿ ‘ಸ್ಟ್ರೀಟ್ ಫೈಟರ್ 2’ ಮಾಡಿದ ಕ್ಯಾಪ್‌ಕಾಮ್ ಕಂಪನಿ, ತನ್ನದನ್ನೇ ಹೋಲುವ ‘ಫೈಟರ್ಸ್ ಹಿಸ್ಟರಿ’ಯ ವಿರುದ್ಧ ಕ್ಯಾಲಿಫೋರ್ನಿಯಾದ ಕೋರ್ಟಿಗೆ ಹೋಯಿತು. ತಡೆಯಾಜ್ಞೆ ಸಿಗಲಿಲ್ಲ. ಕುಸ್ತಿ, ಕರಾಟೆಗಳ ಆಟದಲ್ಲಿ ಬಂದೇ ಬರುವ ಪಟ್ಟುಗಳು, ಪಾತ್ರಗಳ ಬಗೆಗಳು ಯಾರ ಸ್ವತ್ತೂ ಅಲ್ಲ ಎಂಬುದು ಅಲ್ಲಿನ ನಿಲುವು. ಹದಿನೆಂಟು ವರ್ಷ ಬಿಟ್ಟು, 2012ರಲ್ಲಿ, ನ್ಯೂಜೆರ್ಸಿಯ ಫೆಡರಲ್ ಕೋರ್ಟು, ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ‘ಟೆಟ್ರಿಸ್’ ಗೇಮ್‌ನ ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು. ನಕಲು ಮಾಡಿದವರು ‘ನಿಯಮಗಳನ್ನಷ್ಟೇ ತೆಗೆದುಕೊಂಡೆವು’ ಎಂದು ವಾದಿಸಿದರು. ತುಂಡುಗಳ ಆಕಾರ, ಬಣ್ಣ, ಹತ್ತು ಅಡ್ಡ ಇಪ್ಪತ್ತು ಎತ್ತರದ ಚೌಕಟ್ಟು, ಒಟ್ಟು ನೋಟ, ಎಲ್ಲವನ್ನೂ ಹಾಗೆಹಾಗೇ ಎತ್ತಿಕೊಂಡಿದ್ದೀರಿ ಎಂದು ಕೋರ್ಟು ಅವರ ವಿರುದ್ಧ ತೀರ್ಪಿತ್ತಿತು. ಅಂದರೆ ಆಟದ ನಿಯಮ ಎಲ್ಲರಿಗೂ ಮುಕ್ತ, ಕಣ್ಣಿಗೆ ಕಾಣುವ ರೂಪಕ್ಕೆ ಒಂದು ಮಟ್ಟದ ಕಾವಲಿದೆ.

ಜನಪದ ಕಥೆಯ ಗೇಮ್‌ಗಳಿಗೆ ಬಂದಾಗ ಈ ಕಾವಲು ಇನ್ನೂ ತೆಳುವಾಗುತ್ತದೆ, ಸಿಟ್ಟಾದವರು ಇದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಟೆಟ್ರಿಸ್‌ನ ತುಂಡುಗಳಿಗೆ ಯಾರೂ ಸಾವಿರ ವರ್ಷದಿಂದ ಬಣ್ಣ ಬಳಿದುಕೊಂಡು ಬಂದಿರಲಿಲ್ಲ. ವುಕಾಂಗ್‌ನ ಕೋಲು, ತಲೆಬಳೆ, ಕವಚ, ಗರಿಯ ಕಿರೀಟಗಳನ್ನು ಚೀನಾದ ರಂಗಭೂಮಿ, ಚಿತ್ರಕಲೆ, ಸಿನಿಮಾಗಳು ತಲೆಮಾರುಗಳಿಂದ ತೋರಿಸಿವೆ. ಅವೆಲ್ಲವನ್ನೂ ಕಳೆದ ಮೇಲೆ ಉಳಿಯುವುದಷ್ಟೇ ಸ್ಟುಡಿಯೊದ ಸ್ವಂತ. ಎರಡು ಚಿತ್ರಗಳು ಹೋಲುತ್ತವೆ ಎಂದಾಗ ಅವು ಒಂದನ್ನೊಂದು ನೋಡಿ ಹೋಲುತ್ತಿವೆಯೋ, ಇಬ್ಬರೂ ಒಂದೇ ಹಳೆಯ ಮೂಲ ನೋಡಿದ್ದರಿಂದ ಹೋಲುತ್ತಿವೆಯೋ ಎಂಬ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು. ಎಲ್ಲರ ಕಥೆಯನ್ನು ಬಿಟ್ಟಿಯಾಗಿ ಪಡೆದವನು ಆ ಕಥೆಯ ಭಾಗಕ್ಕೆ ಬೇಲಿ ಹಾಕಲಾರ. ಇದು ನ್ಯಾಯವೇ, ಬದಲಾಗಬೇಕೆಂದು ನಾನು ಬಯಸುವುದಿಲ್ಲ.

ಆದ್ದರಿಂದ ಇಂಥ ಪ್ರಕರಣಗಳಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಕಾಪಿರೈಟ್ ಅಲ್ಲ, ಟ್ರೇಡ್‌ಮಾರ್ಕ್ ಮತ್ತು ಅನ್ಯಾಯದ ಸ್ಪರ್ಧೆ ತಡೆಯುವ ಕಾನೂನುಗಳು. ಅವು ಕೇಳುವ ಪ್ರಶ್ನೆಯೇ ಬೇರೆ: ಕೊಳ್ಳುವವನು ಒಬ್ಬರ ಮಾಲನ್ನು ಇನ್ನೊಬ್ಬರದೆಂದು ಭ್ರಮಿಸುವಂತೆ ಮಾಡಿದ್ದಾರೆಯೇ? ಚೀನಾದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ, ಅದೂ ತಲೆಕೆಳಗಾದ ಉದಾಹರಣೆ. ಅಮೆರಿಕದ ಬ್ಲಿಜಾರ್ಡ್ ಕಂಪನಿಯ ಇಸ್ಪೀಟು ಮಾದರಿಯ ‘ಹಾರ್ತ್‌ಸ್ಟೋನ್’ ಗೇಮ್ ಇನ್ನೂ ಪೂರ್ತಿ ಬಿಡುಗಡೆಯಾಗುವ ಮೊದಲೇ ಚೀನಾದ ಕಂಪನಿಯೊಂದು ಅದನ್ನೇ ಹೋಲುವ ಗೇಮ್ ಮಾಡಿತು. ಪಾತ್ರಗಳು ಮಾತ್ರ ಚೀನಾದ ‘ಮೂರು ರಾಜ್ಯಗಳ’ ಕಾಲದ ವೀರರು. ಪರದೇಶದ ಆಟಕ್ಕೆ ಸ್ವದೇಶದ ಪುರಾಣದ ಬಟ್ಟೆ ತೊಡಿಸಿದ್ದರು. 2014ರಲ್ಲಿ ಶಾಂಘೈನ ಕೋರ್ಟು ಇದು ಅನ್ಯಾಯದ ಸ್ಪರ್ಧೆ ಎಂದು ತೀರ್ಮಾನಿಸಿ ಪರಿಹಾರ ಕೊಡಿಸಿತು. ಕಥೆ ನಮ್ಮದು ಎಂಬ ಮಾತು ಅಲ್ಲಿ ರಕ್ಷಣೆಗೆ ಬರಲಿಲ್ಲ. ಬರಬಾರದು ಕೂಡ.

ಖಾಲಿ ಕಪಾಟು

ನಕಲಿ ಗೇಮ್‌ಗಳು ಎಲ್ಲಿ ಹುಟ್ಟುತ್ತವೆ ಎಂದು ನೋಡಿದರೆ ಒಂದು ಕ್ರಮ ಎದ್ದು ಕಾಣುತ್ತದೆ. ‘ಬ್ಲ್ಯಾಕ್ ಮಿತ್: ವುಕಾಂಗ್’ ಮೊದಲು ಬಂದದ್ದು ಕಂಪ್ಯೂಟರ್ ಮತ್ತು ಪ್ಲೇಸ್ಟೇಷನ್ 5ಕ್ಕೆ. ನಿಂಟೆಂಡೊದ ಸ್ವಿಚ್‌ಗೆ ಬಂದಿರಲಿಲ್ಲ. ಆ ಪುಟ್ಟ ಯಂತ್ರದ ಶಕ್ತಿಗೆ ಅದು ಮೀರಿದ್ದು. ನಕಲು ಕಾಣಿಸಿಕೊಂಡದ್ದು ಸರಿಯಾಗಿ ಅಲ್ಲೇ. ಮನೆಯ ಪೆಟ್ಟಿಗೆಗಳನ್ನು ಬಿಚ್ಚಿ ಸಾಮಾನು ಜೋಡಿಸುವ ‘ಅನ್‌ಪ್ಯಾಕಿಂಗ್’ ಎಂಬ ಮುದ್ದಾದ ಗೇಮ್ 2021ರ ನವೆಂಬರ್‌ನಲ್ಲಿ ಬಂತು, ಆಗ ಫೋನಿಗೆ ಬರಲಿಲ್ಲ. 2022ರ ಜನವರಿಯಲ್ಲಿ ಫೋನಿನ ಆ್ಯಪ್ ಅಂಗಡಿಯಲ್ಲಿ ಅದರ ಪಡಿಯಚ್ಚು ಬಂದು ಪಟ್ಟಿಯ ತುದಿಗೆ ಏರಿತು. ಮೂಲದ ತಂಡ ಸಾಕ್ಷಿ ಸಮೇತ ದೂರಿದ ಮೇಲೆ ಇಳಿಯಿತು. ಅದೇ ತಿಂಗಳು ಬರೀ ಬ್ರೌಸರ್‌ನಲ್ಲಿ ಇದ್ದ ಪದದಾಟ ‘ವರ್ಡಲ್’ನ ಹೆಸರಿನಲ್ಲೇ ಫೋನ್ ಆ್ಯಪ್‌ಗಳು ಹುಟ್ಟಿಕೊಂಡವು, ಆ್ಯಪಲ್ ಅವನ್ನು ತೆಗೆಯಿತು. 2014ರ ಫೆಬ್ರುವರಿಯಲ್ಲಿ, ಹಕ್ಕಿಯನ್ನು ಹಾರಿಸುವ ಫೋನ್ ಗೇಮ್ ‘ಫ್ಲ್ಯಾಪಿ ಬರ್ಡ್’ ಅನ್ನು ಅದನ್ನು ಮಾಡಿದವರೇ ಹಿಂತೆಗೆದುಕೊಂಡಾಗ ಹಾರುವ ಹಕ್ಕಿಗಳ ಹಿಂಡೇ ನುಗ್ಗಿತು.

ಎಲ್ಲಿ ಜನ ಹುಡುಕುತ್ತಾರೋ ಅಲ್ಲಿ ಅಸಲಿ ಇಲ್ಲದಿದ್ದರೆ, ಆ ಖಾಲಿ ಕಪಾಟು ನಕಲಿಗೆ ಸಿಗುತ್ತದೆ. ಹುಡುಕುವವನು ‘ವುಕಾಂಗ್’ ಎಂದು ಟೈಪ್ ಮಾಡುತ್ತಾನೆ. ಯಂತ್ರ ತನ್ನಲ್ಲಿರುವುದರಲ್ಲಿ ಹತ್ತಿರದ್ದನ್ನು ತೋರಿಸುತ್ತದೆ. ಜನಪದದ ಹೆಸರುಗಳಿಗೆ ಈ ಅಪಾಯ ಹೆಚ್ಚು. ಹೊಸದಾಗಿ ಹುಟ್ಟಿಸಿದ ಹೆಸರಾದರೆ ಟ್ರೇಡ್‌ಮಾರ್ಕ್ ತೋರಿಸಿ ತಡೆಯಬಹುದು. ವುಕಾಂಗ್ ಎಂಬ ಹೆಸರನ್ನು ಇಟ್ಟುಕೊಳ್ಳಬೇಡ ಎಂದು ಯಾರಿಗೂ ಹೇಳುವಂತಿಲ್ಲ. ನಕಲು ಮಾಡುವವನಿಗೆ ಹುಡುಕಾಟದ ಪದವೇ ಕಾನೂನಿನ ಒಪ್ಪಿಗೆಯೊಂದಿಗೆ ಸಿಕ್ಕಿಬಿಡುತ್ತದೆ.

ಎಲ್ಲ ಅನುಕರಣೆಯೂ ಮೋಸವಲ್ಲ ಎಂಬುದನ್ನೂ ಹೇಳಬೇಕು. ‘ಥ್ರೀಸ್’ ಎಂಬ ಅಂಕಿಯಾಟವನ್ನು ಅದರ ತಂಡ ಒಂದು ವರ್ಷಕ್ಕೂ ಮೀರಿ ತಿದ್ದಿ ತೀಡಿ 2014ರ ಫೆಬ್ರುವರಿಯಲ್ಲಿ ಮಾರಾಟಕ್ಕಿಟ್ಟಿತು. ಮರುತಿಂಗಳೇ ಅದೇ ಜಾಡಿನ ‘2048’ ಉಚಿತವಾಗಿ ಬಂದು ಜಗತ್ತನ್ನೆಲ್ಲ ಹಿಡಿಯಿತು. ಅದನ್ನು ಮಾಡಿದ ಇಟಲಿಯ ಹುಡುಗ ಕೋಡನ್ನೇ ತೆರೆದಿಟ್ಟಿದ್ದ, ಯಾರನ್ನೂ ವಂಚಿಸಲಿಲ್ಲ. ಆದರೂ ಮೂಲದವರಿಗೆ ಆದ ನೋವು ಯಾವ ಕಳಪೆ ನಕಲಿಯಿಂದ ಆಗುವುದಕ್ಕಿಂತ ದೊಡ್ಡದಿತ್ತು. ತಾವು ಪಟ್ಟ ಪಾಡನ್ನು ಅವರು ತಮ್ಮ ಹಳೆಯ ಇಮೇಲ್‌ಗಳ ಸಮೇತ ಲೋಕದ ಮುಂದಿಟ್ಟರು. ಅದು ಸಂಕಟದ ವಿಷಯ, ಅಪರಾಧದ್ದಲ್ಲ. ಈ ಎರಡನ್ನು ಬೇರೆ ಮಾಡದ ಸಿಟ್ಟು ಬೇಗ ನಿತ್ರಾಣವಾಗುತ್ತದೆ.

ಬಾಗಿಲು ಕಾಯಬೇಕಾದವರು

ನಕಲಿ ಮಾಡಿದವನ ಮೇಲೆ ಕೂಗಾಡಿ ಹೆಚ್ಚೇನೂ ಆಗದು. ಅವನಿಗೆ ಉಳಿಸಿಕೊಳ್ಳಬೇಕಾದ ಹೆಸರಿಲ್ಲ, ಒಂದು ಖಾತೆ ಮುಚ್ಚಿದರೆ ಇನ್ನೊಂದು ತೆರೆಯುತ್ತಾನೆ. ಹೆಸರು, ಹಣ, ಅಧಿಕಾರ ಮೂರೂ ಇರುವುದು ಅಂಗಡಿಗೆ. ಪ್ರತಿ ಮಾರಾಟದಲ್ಲೂ ಅದಕ್ಕೆ ಪಾಲು ಸಿಗುತ್ತದೆ, ನಕಲಿಯ ಮಾರಾಟದಲ್ಲೂ.

ಕಂಪ್ಯೂಟರ್ ಗೇಮ್‌ಗಳ ಅತಿದೊಡ್ಡ ಅಂಗಡಿ ಸ್ಟೀಮ್ ಒಂದು ಕಾಲದಲ್ಲಿ ಆರಿಸಿ ಒಳಬಿಡುತ್ತಿತ್ತು. ಆಮೇಲೆ ಆಟಗಾರರ ಮತಕ್ಕೆ ಬಿಟ್ಟಿತು. 2017ರ ಜೂನ್‌ನಿಂದ ಗೇಮ್‌ಗೆ 100 ಡಾಲರ್ ಶುಲ್ಕ ಕಟ್ಟಿ ಯಾರು ಬೇಕಾದರೂ ಬರಬಹುದು. 1,000 ಡಾಲರ್ ಮಾರಾಟವಾದರೆ ಆ ಶುಲ್ಕವೂ ವಾಪಸು. ಮರುವರ್ಷ ಜೂನ್‌ನಲ್ಲಿ ಅದರ ಒಡೆಯರಾದ ವಾಲ್ವ್ ಕಂಪನಿ, ಕಾನೂನು ಮೀರಿದ್ದು ಮತ್ತು ಕೇವಲ ಕೆಣಕಲೆಂದೇ ಮಾಡಿದ್ದನ್ನು ಬಿಟ್ಟು ಎಲ್ಲವನ್ನೂ ಒಳಬಿಡುತ್ತೇವೆ ಎಂದಿತು. ಬಡ ಡೆವಲಪರ್‌ಗಳಿಗೆ ಇದರಿಂದ ಬಾಗಿಲು ತೆರೆಯಿತು, ಅದನ್ನು ನಾನು ಸಣ್ಣದೆಂದು ಹೇಳಲಾರೆ. ಆದರೆ 2024ರಲ್ಲಿ ಅಲ್ಲಿ 18,000ಕ್ಕೂ ಹೆಚ್ಚು ಗೇಮ್‌ಗಳು ಬಂದವು. ದಿನಕ್ಕೆ ಸುಮಾರು ಐವತ್ತು. ಒಂದೊಂದನ್ನೂ ಮನುಷ್ಯರು ಕೂತು ನೋಡುತ್ತಾರೆಂದು ನಂಬುವುದು ಕಷ್ಟ. ಸಿದ್ಧ ಮಾದರಿಗಳನ್ನು ಕೊಂಡು ಹೆಸರು ಬದಲಿಸಿ ಮಾರುವ ಕೆಲಸಕ್ಕೆ ಈ ಲೋಕದಲ್ಲಿ ‘ಅಸೆಟ್ ಫ್ಲಿಪ್’ ಎನ್ನುತ್ತಾರೆ. 2017ರ ಸೆಪ್ಟೆಂಬರ್‌ನಲ್ಲಿ ಒಂದೇ ಸ್ಟುಡಿಯೊಗೆ ಸೇರಿದ ಇಂಥ 173 ಗೇಮ್‌ಗಳನ್ನು ಸ್ಟೀಮ್ ಒಮ್ಮೆಗೇ ತೆಗೆದುಹಾಕಬೇಕಾಯಿತು. ಅಷ್ಟು ಸೇರುವವರೆಗೆ ಬಾಗಿಲಲ್ಲಿ ಯಾರೂ ತಡೆದಿರಲಿಲ್ಲ. ಈಗ ಮುಖಚಿತ್ರ ಬರೆಯಲು ಕಲಾವಿದನೂ ಬೇಡ, ಎಐಗೆ ನಾಲ್ಕು ಸಾಲು ಹೇಳಿದರೆ ಸಾಕು. ಎಐ ಬಳಸಿದ್ದರೆ ತಿಳಿಸಬೇಕೆಂದು ಸ್ಟೀಮ್ 2024ರ ಜನವರಿಯಲ್ಲಿ ನಿಯಮ ಮಾಡಿತು. ತಿಳಿಸುವುದು ಮಾರುವವನ ಪ್ರಾಮಾಣಿಕತೆಗೆ ಬಿಟ್ಟದ್ದು.

ಕೊಂಡ ಮೇಲೆ ಹಣ ವಾಪಸು ಪಡೆಯುವುದರಲ್ಲಿಯೂ ಅಂಗಡಿಗಳ ನಡುವೆ ಅಂತರವಿದೆ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಕೇಳದೆ ರಿಫಂಡ್ ಸಿಗುತ್ತದೆ. ಪ್ಲೇಸ್ಟೇಷನ್‌ನಲ್ಲೂ 14 ದಿನ, ಆದರೆ ಡೌನ್‌ಲೋಡ್ ಶುರು ಮಾಡಿರಬಾರದು. ಮೋಸ ತಿಳಿಯುವುದೇ ಡೌನ್‌ಲೋಡ್ ಮಾಡಿ ತೆರೆದ ಮೇಲೆ! ನಿಂಟೆಂಡೊದಲ್ಲಿ ಡಿಜಿಟಲ್ ಖರೀದಿ ಸಾಮಾನ್ಯವಾಗಿ ಅಂತಿಮ. ರಿಫಂಡ್ ಸಿಗದ ಅಂಗಡಿಯಲ್ಲಿ, ಅಸಲಿ ಇಲ್ಲದ ಯಂತ್ರಕ್ಕೆ, ಅಗ್ಗದ ನಕಲಿ ಬಂದು ಕೂರುವುದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ.

ದೂರಿನ ವ್ಯವಸ್ಥೆಯೂ ಕೊಳ್ಳುವವನ ಕೈಯಲ್ಲಿಲ್ಲ. ಅಮೆರಿಕದ 1998ರ ಡಿಜಿಟಲ್ ಕಾಪಿರೈಟ್ ಕಾನೂನಾದ ಡಿಎಂಸಿಎ ಪ್ರಕಾರ ಕಾಪಿರೈಟ್ ಇರುವವರೋ ಅವರ ಪರವಾದವರೋ ನೋಟಿಸ್ ಕೊಟ್ಟರೆ ಅಂಗಡಿ ಆ ಮಾಲನ್ನು ಇಳಿಸುತ್ತದೆ. ಮಾರುವವನು ಪ್ರತಿನೋಟಿಸ್ ಕೊಟ್ಟರೆ, ಮೂಲದವರು ಕೋರ್ಟಿಗೆ ಹೋಗದ ಪಕ್ಷದಲ್ಲಿ, 10ರಿಂದ 14 ಕೆಲಸದ ದಿನಗಳಲ್ಲಿ ಅದನ್ನು ಮತ್ತೆ ಏರಿಸಬೇಕು. ಸಾವಿರಾರು ಗೇಮರ್‌ಗಳು ಒಟ್ಟಾಗಿ ಕೂಗಿದರೂ ಆ ನೋಟಿಸ್ ಕೊಡಲು ಅವರಿಗೆ ಹಕ್ಕಿಲ್ಲ. ಅವರ ಸಿಟ್ಟು ಮಾಡಬಲ್ಲದ್ದು ಮೂಲದವರನ್ನು ಎಚ್ಚರಿಸುವುದು, ಅಂಗಡಿಗೆ ನಾಚಿಕೆ ಹುಟ್ಟಿಸುವುದು. ಇದು ಸಣ್ಣ ಕೆಲಸವಲ್ಲ. ‘ಅನ್‌ಪ್ಯಾಕಿಂಗ್’ನ ನಕಲಿ ಇಳಿದದ್ದು ಹಾಗೆ ಸದ್ದಾದದ್ದರಿಂದ. ಆದರೆ ಅದೇ ಸದ್ದು ನಕಲಿಗೆ ಪ್ರಚಾರವೂ ಹೌದು. ಸ್ಟೀಮ್‌ನಲ್ಲಿ ಬಯ್ದು ರಿವ್ಯೂ ಬರೆಯಬೇಕೆಂದರೂ ಆ ಗೇಮ್ ನಿಮ್ಮ ಖಾತೆಯಲ್ಲಿರಬೇಕು, ಅಂದರೆ ಕೊಂಡಿರಬೇಕು. ತಮಾಷೆಗೆಂದು ಕೊಂಡು, ಹೀಯಾಳಿಸುವ ವಿಡಿಯೊ ಮಾಡುವವರ ಹಣವೂ ಹಣವೇ.

ಆ್ಯಪಲ್‌ನ ನಿಯಮಾವಳಿಯಲ್ಲಿ ನಕಲು ತಡೆಯುವ ಕಲಮು ಮೊದಲಿನಿಂದ ಇದೆ. 2025ರ ನವೆಂಬರ್‌ನಲ್ಲಿ ಅದಕ್ಕೆ ಇನ್ನೊಂದು ಸಾಲು ಸೇರಿತು: ಬೇರೊಬ್ಬ ಡೆವಲಪರ್‌ನ ಐಕಾನ್, ಬ್ರ್ಯಾಂಡ್, ಉತ್ಪನ್ನದ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ನಿಮ್ಮ ಆ್ಯಪ್‌ನ ಐಕಾನಿನಲ್ಲೋ ಹೆಸರಿನಲ್ಲೋ ಬಳಸುವಂತಿಲ್ಲ. ನಾನು ಮೆಚ್ಚುವ ನಿಯಮ ಇಂಥದ್ದು. ಅದು ಕಥೆ ಯಾರದೆಂದು ಕೇಳುವುದಿಲ್ಲ, ಆಟದ ನಿಯಮ ಯಾರದೆಂದು ಕೇಳುವುದಿಲ್ಲ. ಹೊರಗಿನ ಮುಖ ಯಾರದೆಂದಷ್ಟೇ ಕೇಳುತ್ತದೆ. ವುಕಾಂಗ್ ಎಂಬ ಹೆಸರಿರಲಿ, ಬಿಡಿ. ಆಯಾ ವರ್ಷ ಹೆಚ್ಚು ಮಾರಾಟವಾದ ಗೇಮ್‌ಗಳ ಮುಖಚಿತ್ರಕ್ಕೆ ಹೊಸದಾಗಿ ಬಂದದ್ದು ಎಷ್ಟು ಹತ್ತಿರವಿದೆ ಎಂದು ಏರಿಸುವ ಮುನ್ನವೇ ಯಂತ್ರದಿಂದ ಹೋಲಿಸಿ, ಅನುಮಾನ ಬಂದದ್ದನ್ನು ಮನುಷ್ಯರ ಕಣ್ಣಿಗೆ ಒಪ್ಪಿಸುವುದು ಈ ದೊಡ್ಡ ಕಂಪನಿಗಳಿಗೆ ಅಸಾಧ್ಯವೇನಲ್ಲ.

ಕೇಳದೆ ಉಳಿದ ಮೂರನೆಯವರು

ಸ್ಟುಡಿಯೊಗೆ ವಕೀಲರಿದ್ದಾರೆ, ಕೊಳ್ಳುವವನಿಗೆ ಕೆಲವೆಡೆಯಾದರೂ ರಿಫಂಡ್ ಇದೆ. ಕಥೆಯನ್ನು ಕಾಪಾಡಿಕೊಂಡು ಬಂದ ಜನರಿಗೆ ಏನಿದೆ? ನಕಲಿಯ ವಿರುದ್ಧದ ಗದ್ದಲದಲ್ಲಿ ‘ಸಂಸ್ಕೃತಿಗೆ ಅವಮಾನ’ ಎಂಬ ಮಾತು ಬಹಳ ಸಲ ಬರುತ್ತದೆ, ಆದರೆ ಆ ಸಂಸ್ಕೃತಿಯ ಜನರ ಮಾತು ಬರುವುದಿಲ್ಲ. ವುಕಾಂಗ್‌ನಂಥ ಕಥೆಗೆ ದೊಡ್ಡ ದೇಶ, ಅಚ್ಚಾದ ಗ್ರಂಥ, ಕೋಟ್ಯಂತರ ಓದುಗರು ಇದ್ದಾರೆ. ಒಂದು ಕಳಪೆ ಗೇಮ್‌ನಿಂದ ಅವನಿಗೆ ಏನೂ ಆಗದು. ಕೆಲವೇ ಸಾವಿರ ಜನರ ನಾಲಗೆಯ ಮೇಲಿರುವ ಕಥೆಯನ್ನು ಯಾರೋ ಅಡ್ಡಾದಿಡ್ಡಿಯಾಗಿ ಗೇಮ್ ಮಾಡಿದರೆ, ಹೊರಗಿನ ಜಗತ್ತಿಗೆ ಆ ಗೇಮೇ ಆ ಕಥೆಯಾಗಿಬಿಡಬಹುದು.

ಆ ಅಪಾಯಕ್ಕೆ ಅಲಾಸ್ಕಾದಲ್ಲಿ ಒಂದು ಉತ್ತರ ಸಿಕ್ಕಿತು. ಆಂಕರೇಜ್‌ನ ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್ ಎಂಬ ಮೂಲನಿವಾಸಿಗಳ ಸಂಸ್ಥೆ ಒಂದು ಗೇಮ್ ತಂಡದೊಂದಿಗೆ ಕೈಜೋಡಿಸಿ ಇನ್ಯುಪಿಯಾಕ್ ಜನರ ಕಥೆಯ ಮೇಲೆ ‘ನೆವರ್ ಅಲೋನ್’ ಎಂಬ ಗೇಮ್ ಅನ್ನು 2014ರಲ್ಲಿ ಹೊರತಂದಿತು. ನಿಲ್ಲದ ಹಿಮಗಾಳಿಯ ಮೂಲ ಹುಡುಕುತ್ತ ಹೊರಡುವವರ ಆ ಕಥೆಯನ್ನು ರಾಬರ್ಟ್ ನಾಸ್ರುಕ್ ಕ್ಲೀವ್‌ಲೆಂಡ್ ಎಂಬ ಕಥೆಗಾರರು ಹೇಳಿದ್ದರು. ತಂಡ ಅವರ ಮಗಳನ್ನು ಹುಡುಕಿಕೊಂಡು ಹೋಗಿ ಒಪ್ಪಿಗೆ ಕೇಳಿತು. ಕಾನೂನು ಹಾಗೆ ಕೇಳಬೇಕೆಂದು ಕಡ್ಡಾಯ ಮಾಡಿರಲಿಲ್ಲ. ಆ ಸಮುದಾಯದ ಪದ್ಧತಿ ಅದನ್ನು ಬೇಡುತ್ತಿತ್ತು. ಹಿರಿಯರು, ಕಥೆಗಾರರು ಸೇರಿ ಸುಮಾರು ನಲವತ್ತು ಜನ ಕೆಲಸದಲ್ಲಿ ಪಾಲ್ಗೊಂಡರು. ಕಥೆಯನ್ನು ಅವರದೇ ಭಾಷೆಯಲ್ಲಿ ಹೇಳಿಸಿದರು, ಆಟದ ನಡುನಡುವೆ ಅವರ ಬದುಕಿನ ಕಿರುಚಿತ್ರಗಳು ತೆರೆದುಕೊಳ್ಳುತ್ತವೆ. ‘ಬ್ಲ್ಯಾಕ್ ಮಿತ್’ ಕೂಡ ಈ ವಿಷಯದಲ್ಲಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. ಅದರ ಎರಡನೇ ಅಧ್ಯಾಯದಲ್ಲಿ ತಲೆಯಿಲ್ಲದ ಹಾಡುಗಾರ ಮೂರು ತಂತಿಯ ವಾದ್ಯ ನುಡಿಸುತ್ತ ಹಾಡುವುದು ವಾಯುವ್ಯ ಚೀನಾದ ನಿಜವಾದ ಕಥಾಗಾಯನ ಪದ್ಧತಿಯಲ್ಲಿ. ಹಾಡಿದವರೂ ಆ ಕಲೆಯನ್ನೇ ಬಾಳಿದವರು. ಮುಖಚಿತ್ರ ನಕಲು ಮಾಡಿದವನು ತಲೆಯನ್ನೇ ಕೆಡಿಸಿಕೊಳ್ಳದ ಭಾಗವಿದು.

ಅಂತರರಾಷ್ಟ್ರೀಯ ಕಾನೂನು ಇಲ್ಲಿ ಬಹಳ ಹಿಂದಿದೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ 2000ನೇ ಇಸವಿಯಲ್ಲೇ ಸಾಂಪ್ರದಾಯಿಕ ಜ್ಞಾನ ಮತ್ತು ಜನಪದ ಅಭಿವ್ಯಕ್ತಿಗಳ ಬಗ್ಗೆ ಸಮಿತಿ ಮಾಡಿತು. 2024ರ ಮೇ ತಿಂಗಳಲ್ಲಿ ಒಂದು ಒಪ್ಪಂದ ಬಂತು; ಅದು ತಳಿ ಸಂಪನ್ಮೂಲ ಮತ್ತು ಅದಕ್ಕೆ ಸೇರಿದ ಸಾಂಪ್ರದಾಯಿಕ ಜ್ಞಾನಕ್ಕೆ, ಅದೂ ಪೇಟೆಂಟ್ ವಿಷಯಕ್ಕೆ ಸೀಮಿತ. ಕಥೆ, ಹಾಡು, ಕುಣಿತಗಳು ಅದರ ಹೊರಗೇ ಉಳಿದವು. ಅವಕ್ಕೂ ಕಾಪಿರೈಟ್‌ನಂಥ ಒಡೆತನ ಕೊಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಒಡೆತನ ಬಂದರೆ ಒಡೆಯ ಯಾರು ಎಂಬ ಜಗಳ ಬರುತ್ತದೆ, ಸರ್ಕಾರವೋ ಯಾವುದೋ ಬಲಾಢ್ಯರ ಗುಂಪೋ ಆ ಪಟ್ಟ ಹಿಡಿಯುತ್ತದೆ, ಆ ಕಥೆ ಹೇಳುತ್ತ ಬಂದ ಬಡವನೇ ಅನುಮತಿಗಾಗಿ ಸಾಲಿನಲ್ಲಿ ನಿಲ್ಲಬೇಕಾಗಬಹುದು. ಕಥೆ ಎಲ್ಲಿಂದ ಬಂತೆಂದು ಗೇಮ್‌ನಲ್ಲಿ ಹೇಳುವುದು, ಅದನ್ನು ಬಲ್ಲ ಜೀವಂತ ಕಲಾವಿದರಿಗೆ ಕೆಲಸ ಮತ್ತು ಹಣ ಕೊಡುವುದು, ಸಣ್ಣ ಸಮುದಾಯದ ಕಥೆಯಾದರೆ ಮೊದಲು ಹೋಗಿ ಕೇಳುವುದು, ಇಷ್ಟನ್ನು ಆಟಗಾರರು ಒತ್ತಾಯಿಸಬಹುದು. ಮುಖಚಿತ್ರದ ನಕಲಿಗೆ ಕೆರಳುವ ಸಿಟ್ಟಿನಲ್ಲಿ ಒಂದು ಪಾಲು ಇಲ್ಲಿಗೂ ಹರಿದರೆ ಎಷ್ಟೋ ಕೆಲಸವಾದೀತು.

ಸಿಟ್ಟು ಗುರಿ ತಪ್ಪಿದಾಗ ಪೆಟ್ಟು ತಿನ್ನುವವರನ್ನೂ ನೆನೆಯಬೇಕು. ಒಬ್ಬಳು ವಿದ್ಯಾರ್ಥಿನಿ ತನ್ನ ಅಜ್ಜಿ ಹೇಳಿದ ವಾನರನ ಕಥೆಯನ್ನು ಕಾಗದದ ಬೊಂಬೆಗಳ ಶೈಲಿಯಲ್ಲಿ ಪುಟ್ಟ ಗೇಮ್ ಮಾಡಿದಳೆಂದುಕೊಳ್ಳಿ. ಹೆಸರಿನಲ್ಲಿ ವುಕಾಂಗ್ ಇದ್ದದ್ದಕ್ಕೇ ಅವಳ ಪುಟಕ್ಕೆ ಹೋಗಿ ‘ನಕಲಿ’ ಎಂದು ಒಂದು ತಾರೆ ಕೊಟ್ಟರೆ ಅವಳ ಗೇಮ್ ಹುಡುಕಾಟದಲ್ಲಿ ಕೆಳಗೆ ಬೀಳುತ್ತದೆ, ಅಲ್ಲಿಂದ ಏಳುವುದು ಕಷ್ಟ. ನಕಲಿ ಮಾರುವವನಿಗೆ ಹೊಸ ಖಾತೆ ಇದೆ. ಅವಳಿಗೆ ಇರುವುದು ಅದೊಂದೇ ಗೇಮ್. ಬೆರಳು ತೋರುವ ಮುನ್ನ ಮುಖಚಿತ್ರವನ್ನೂ ಒಳಗಿನ ಆಟದ ದೃಶ್ಯವನ್ನೂ ಒಟ್ಟಿಗೆ ನೋಡಿದರೆ ಬಹುಪಾಲು ಗೊತ್ತಾಗುತ್ತದೆ. ಪ್ರಾಮಾಣಿಕ ಗೇಮ್‌ನಲ್ಲಿ ಎರಡೂ ಒಂದೇ ಕೈಯಿಂದ ಬಂದಂತಿರುತ್ತವೆ. ಮೋಸದ ಗೇಮ್‌ನಲ್ಲಿ ಮುಖಚಿತ್ರ ಬೇರೊಬ್ಬರ ಗೇಮ್‌ನಂತೆ, ಒಳಗಿನದು ಯಾರದೂ ಅಲ್ಲದಂತೆ ಇರುತ್ತದೆ.

ಗೇಮ್ ಸೈನ್ಸ್ ತನ್ನ ಮುಂದಿನ ಗೇಮ್ ‘ಬ್ಲ್ಯಾಕ್ ಮಿತ್: ಝೋಂಗ್ ಕುಯಿ’ ಎಂದು 2025ರ ಆಗಸ್ಟ್‌ನಲ್ಲಿ ಜರ್ಮನಿಯ ಗೇಮ್ಸ್‌ಕಾಮ್ ಮೇಳದಲ್ಲಿ ಪ್ರಕಟಿಸಿತು. ಝೋಂಗ್ ಕುಯಿ ಪಿಶಾಚಿಗಳನ್ನು ಹಿಡಿಯುವವನು. ಟ್ಯಾಂಗ್ ಚಕ್ರವರ್ತಿಯ ಕನಸಿನಲ್ಲಿ ಕಾಣಿಸಿಕೊಂಡನೆಂಬ ಕಥೆಯಿದೆ, ಅವನ ಚಿತ್ರವನ್ನು ಚೀನಾದ ಜನ ಶತಮಾನಗಳಿಂದ ಬಾಗಿಲಿಗೆ ಅಂಟಿಸುತ್ತ ಬಂದಿದ್ದಾರೆ. ಟ್ರೇಲರ್‌ನಲ್ಲಿ ಅವನು ಹುಲಿಯ ಮೇಲೆ ಕೂತು ಬರುತ್ತಾನೆ. ಕೆಲಸ ಇನ್ನೂ ಆರಂಭದ ಹಂತದಲ್ಲಿದೆ ಎಂದು ಸ್ಟುಡಿಯೊ ಆಗ ಹೇಳಿತು. ಬಿಡುಗಡೆಯ ದಿನಾಂಕ ಕೊಡಲಿಲ್ಲ. ಮೊದಲ ಗೇಮ್‌ಗೆ ಟ್ರೇಲರ್‌ನಿಂದ ಬಿಡುಗಡೆಗೆ ನಾಲ್ಕು ವರ್ಷ ಹಿಡಿದಿತ್ತು. ಈ ನಡುವೆ ಝೋಂಗ್ ಕುಯಿಯ ಮೇಲೆ ಯಾರು ಬೇಕಾದರೂ ಗೇಮ್ ಮಾಡಬಹುದು, ಮಾಡಲಿ. ಅವುಗಳಲ್ಲಿ ಯಾವುದಾದರೂ ‘ಬ್ಲ್ಯಾಕ್’ ಎಂಬ ಪದ, ಅದೇ ಅಕ್ಷರವಿನ್ಯಾಸ, ಹುಲಿಯ ಮೇಲಿನ ಅದೇ ಭಂಗಿ ಹೊತ್ತು ಬಂದರೆ ಒಳಬಿಡುವ ಮುನ್ನ ನಿಲ್ಲಿಸಿ ಕೇಳಲು ಅಂಗಡಿಗಳಿಗೆ ಈಗಲೇ ಸಾಕಷ್ಟು ಸಮಯವಿದೆ.